ಎಳ್ಳಮಾಸಿಗೆ ಕರೆದದ್ದು

ದೀಪ ಸಣ್ಣದು ಮಾಡಿ, ಹತ್ತಿರ ಬಂದು ಕೂತ್ಕೊಳ್ಳಿ... ಇದು ಕುರುಗೋಡಿನ ನಮ್ಮ ಪಕ್ಕದ ಮನೆಯ ಸಾವಂತ್ರಮ್ಮ ಪ್ರವಾಸ ಹೋದಾಗ ಆದದ್ದು. ತಾರೀಖು ಬರೆದಿಟ್ಟಿದ್ದೇನೆ. ೨೦೨೪ರ ಮೇ ಹನ್ನೊಂದು, ಸಂಜೆ ಆರೂವರೆ.

ಹಿಮಾಲಯದ ಒಂದು ರಾಷ್ಟ್ರೀಯ ಉದ್ಯಾನ. ಬೆಟ್ಟ ಹತ್ತಿ, ಕಣ್ತುಂಬ ನೋಡಿ ಇಳಿಯುವಾಗ ಅವಳ ತಮ್ಮನ ಮಗಳು ಚೈತ್ರಾಳ ಕಾಲು ಉಳುಕಿತು. ಗೈಡ್ ಹೊತ್ತೊಯ್ಯಲು ಆಳುಗಳನ್ನು ಕರೆತರಲೆಂದು ಡೇರೆಗೆ ಓಡಿದ. “ನೀವು ಇಳಿಯುತ್ತಲೇ ಇರಿ, ಕತ್ತಲಾದರೆ ಈ ಚಳಿಗೆ ಉಳಿಯುವುದಿಲ್ಲ” ಎಂದಿದ್ದ. ಅರವತ್ತೊಂದರ ಸಾವಂತ್ರಮ್ಮ ಹುಡುಗಿಯನ್ನು ಹೆಗಲಿಗೆ ಆನಿಸಿಕೊಂಡು ನಡೆದಳು.

ಒಂದು ಮುದಿ ದೇವದಾರು ಮರ ದಾಟಿದರು. ಹಿಂದೆ... ಕರಕ್. ಕರಕ್. ಗಟ್ಟಿ ಹಿಮದ ಮೇಲೆ ಬರಿಗಾಲು ಊರಿದ ಸದ್ದು. ಇವರು ನಿಂತರೆ ಅದೂ ನಿಂತಿತು.

“ಅತ್ತಿ... ಯಾರೋ ಬರಾಕ ಹತ್ಯಾರ.”

“ತಿರುಗಬ್ಯಾಡ.”

“ಏನ್ ಬೇಕಂತ?”

“ಹಸಿವಿ ಇರಬೇಕು. ನಿನ್ನ ಮಾತು ಉಂಡು ಹೊಟ್ಟಿ ತುಂಬತೈತೇನು? ಸುಮ್ನ ನಡಿ.”

ಕರಕ್. ಈಗ ಬೆನ್ನ ಹಿಂದೆಯೇ. ಕುತ್ತಿಗೆಗೆ ತಣ್ಣನೆಯ ಉಸಿರು...

ಚೀಲದಲ್ಲಿ ಎರಡು ಸಜ್ಜೆ ರೊಟ್ಟಿ ಇದ್ದವು. ಊರಲ್ಲಾದರೆ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೊಲದ ತುಂಬ ಅಡುಗೆಯ ಚರಗ ಚೆಲ್ಲುತ್ತೇವೆ, ಕಣ್ಣಿಗೆ ಕಾಣದವರೂ ಉಂಡು ಹೋಗಲಿ ಅಂತ. ಆದರೆ ಉದ್ಯಾನದ ಬಾಗಿಲಲ್ಲಿ, ಒಂದು ಅಗುಳೂ ಚೆಲ್ಲುವುದಿಲ್ಲ ಎಂದು ಸಾವಂತ್ರಮ್ಮ ಸಹಿ ಹಾಕಿದ್ದಳು. ಹಾಕಿದ ಸಹಿಗೆ ತಪ್ಪುವವಳಲ್ಲ.

ನಿಂತಳು. ತಿರುಗದೆಯೇ ಗದರಿದಳು.

“ಲೇ, ಇಲ್ಲಿ ಚೆಲ್ಲಂಗಿಲ್ಲ, ಸಹಿ ಮಾಡೀನಿ. ಹಸಿವಿದ್ರ ಎಳ್ಳಮಾಸಿಗೆ ಕುರುಗೋಡಿಗೆ ಬಾ, ಉಣ್ಣಾಕ ಹಾಕ್ತೀನಿ. ಈ ಹುಡುಗಿ ಮೈ ಮುಟ್ಟಿದ್ರ ನೋಡು! ಬೆನ್ನು ಬಿಡು!”

ಸದ್ದು ನಿಂತಿತು. ಕತ್ತಲಿಗೆ ಮುಂಚೆ ಡೇರೆ ಮುಟ್ಟಿದರು.

ಡಿಸೆಂಬರ್ ಮೂವತ್ತು, ಎಳ್ಳಮಾಸಿ. ಹೊಲದ ಬನ್ನಿ ಗಿಡದ ಬುಡದಲ್ಲಿ ಸಾವಂತ್ರಮ್ಮ ಬೇರೆಯದೇ ಒಂದು ಎಲೆ ಹಾಕಿ ಬಡಿಸಿದಳು. ಪಕ್ಕದಲ್ಲಿ ಒಂದು ಚಂಬು ನೀರು.

“ಬ್ಯಾಡ ಅತ್ತಿ... ಖರೇನ ಬಂದ್ರ?” ಚೈತ್ರಾ ಪಿಸುಗುಟ್ಟಿದಳು.

“ಬರಲಿ. ಕರದೀನಿ, ಬಡಿಸ್ತೀನಿ. ಅಂಜಾಕ ನಾನೇನು ಅದರ ಮನಿಗೆ ಹೋಗೀನೇನು?”

ಎಲ್ಲರೂ ಚರಗ ಚೆಲ್ಲಿ ಬರುವಷ್ಟರಲ್ಲಿ ಎಲೆ ಖಾಲಿ. ನಾಯಿಯೋ ಕಾಗೆಯೋ ಇದ್ದೀತು ಅಂದರು. ಸಾವಂತ್ರಮ್ಮ ಚಂಬನ್ನು ಎತ್ತಿ ಬೋರಲು ಹಿಡಿದಳು. ನೀರು ಬೀಳಲಿಲ್ಲ.

ಮಟಮಟ ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲು. ನಂಬದಿದ್ದರೆ ಬಿಡಿ, ನಾನು ಅಲ್ಲೇ ಇದ್ದೆ. ಚಂಬಿನೊಳಗೆ ಬೆರಳಿಟ್ಟು ನೋಡಿದೆ... ಗಟ್ಟಿ ಮಂಜುಗಡ್ಡೆ.