ಬುರುಜಿನೊಳಗಿನ ನಾಲ್ಕಡಿ

ನಗೋರು ಈಗಲೇ ನಕ್ಕು ಮುಗಿಸಿ. ಮಧ್ಯದಲ್ಲಿ ಯಾರಾದ್ರೂ ಕಿಸಕ್ ಅಂದ್ರೆ ನಾನು ಎದ್ದು ಹೋಗ್ತೀನಿ, ಅಷ್ಟೇ. ಇದು ಎಲ್ಲೋ ಕೇಳಿದ್ದಲ್ಲ, ನನ್ನ ಚಿಕ್ಕಮ್ಮನ ಮಗನಿಗೆ ಆಗಿದ್ದು. ಆಗ ಅವನು ನಮ್ಮನೆಯಲ್ಲೇ ಇದ್ದ.

ಸಮುದ್ರದಂಡೆಯ ಹಳೇ ಕೋಟೆಯನ್ನ ಅಳೆದು ನಕ್ಷೆ ಬರೆಯೋದು ಅವನ ಕೆಲಸ. ಆರುನೂರು ವರ್ಷದ ಕೋಟೆ. ಅಲೆ ಬಡಿದು ಜಾರಿಹೋಗಲಿ ಅಂತ ಬುಡ ಓರೆಯಾಗಿ ಕಟ್ಟಿದ್ದಾರೆ. ಶತ್ರು ನೇರ ಓಡಿ ಬಂದು ಗುದ್ದಬಾರದು ಅಂತ ಬಾಗಿಲ ದಾರಿಯನ್ನ ಎರಡು ಸಲ ತಿರುಗಿಸಿದ್ದಾರೆ. ಅಂಥ ತಲೆಯಿದ್ದವರು ಕಟ್ಟಿದ ಬುರುಜು, ಇವನ ಲೆಕ್ಕಕ್ಕೆ ಮಾತ್ರ ಕೂಡ್ತಾನೇ ಇರಲಿಲ್ಲ! ಹೊರಗಿನಿಂದ ಅಳೆದ್ರೆ ಮೂವತ್ತಡಿ. ಒಳಗಿನ ಕೋಣೆಗೆ ಎರಡೂ ಕಡೆ ಗೋಡೆಯ ದಪ್ಪ ಸೇರಿಸಿದ್ರೆ ಇಪ್ಪತ್ತಾರು.

ಇಂಜಿನಿಯರ್ ಮೂರು ಸಲ ನಕ್ಷೆ ವಾಪಸ್ ಎಸೆದಿದ್ದರು. "ನಾಲ್ಕಡಿ ಎಲ್ಲಿ ಹೋಯ್ತಯ್ಯಾ? ನುಂಗಿದ್ಯಾ? ನಾಳೆ ಸರಿಯಾಗಿ ತರದಿದ್ರೆ ಬೇರೆಯವನನ್ನ ನೋಡ್ಕೋತೀನಿ."

ಕತ್ತಲಾಗ್ತಾ ಮನೆಗೆ ಹೊರಟವನು ಕೋಟೆ ಬಾವಿ ತನಕ ಬಂದಿದ್ದ. "ಥೂ, ಇನ್ನೊಂದು ಸಲ ನೋಡೇಬಿಡ್ತೀನಿ" ಅಂತ ತಿರುಗಿ ಹೋದ. ಜೊತೆಗೆ ಟೇಪು ಹಿಡಿಯೋ ಗೆಳೆಯ ಸಿಟ್ಟು ಮಾಡ್ಕೊಂಡು ಮಧ್ಯಾಹ್ನವೇ ಎದ್ದು ಹೋಗಿದ್ದ. ಇವನೊಬ್ಬನೇ...

ಬುರುಜಿನ ಕೋಣೆಯೊಳಗೆ ಬ್ಯಾಟರಿ ಹಾಕಿ, ಟೇಪಿನ ತುದಿಯನ್ನ ಕಡಲ ಕಡೆ ಗೋಡೆಯ ಕಲ್ಲಿನ ಸಂದಿಗೆ ಸಿಕ್ಕಿಸಿದ. ಇಬ್ಬರು ಅಳೆಯುವಾಗ ಮೊದಲು "ಹಿಡ್ಕೋ" ಅಂತಾರೆ, ಅಳತೆ ಓದಿದ ಮೇಲೆ "ಬಿಡು" ಅಂತಾರೆ. ಅಭ್ಯಾಸ ನೋಡಿ, ಬಾಯಿಗೆ ಬಂದೇಬಿಡ್ತು.

"ಹಿಡ್ಕೋ."

"...ಹಿಡ್ಕೊಂಡೆ."

ಗೋಡೆಯೊಳಗಿಂದ!

ಸರ್ರ್... ಸರ್ರ್... ಟೇಪು ಸಂದಿಯೊಳಗೆ ಹೋಯ್ತು. ಟಕ್. ನಿಂತಿತು. ನೋಡ್ತಾನೆ, ನಾಲ್ಕಡಿ. ಒಂದು ಬೆರಳು ಹೆಚ್ಚಿಲ್ಲ, ಕಮ್ಮಿಯಿಲ್ಲ.

"ಬಿಡು" ಅಂದ. ಬಿಡಲಿಲ್ಲ. ಎಳೆದ. ಆ ಕಡೆಯಿಂದಲೂ ಎಳೆತ! ಮೂರು ದಿನದಿಂದ ಕುದೀತಾ ಇದ್ದವನಿಗೆ ಹೆದರಿಕೆ ಹೋಗಿ ಸಿಟ್ಟೇ ಬಂತು. ಅಳುವೂ ಬಂತು. "ಬಿಡೋ ಪುಣ್ಯಾತ್ಮ! ಈ ಲೆಕ್ಕ ಕೂಡದೆ ನನ್ನ ಕೆಲಸ ಹೋಗ್ತಿದೆ!"

ಒಳಗೆ, ಗೋಡೆ ಕಟ್ಟೋರು ಗಾರೆ ಬಳಿಯೋ ಕರಣೆ ಕಲ್ಲಿಗೆ ಉಜ್ಜಿದ ಸದ್ದು. ಕರಕ್... ಕರಕ್... ಆಮೇಲೆ ಮೆಲ್ಲಗೆ,

"ನನ್ನದೂ... ಕೂಡಲಿಲ್ಲ ತಮ್ಮಾ."

ಟೇಪು ಸಡಿಲವಾಯ್ತು.

ಬೆಳಿಗ್ಗೆ ನಕ್ಷೆಯಲ್ಲಿ ಆ ನಾಲ್ಕಡಿಯನ್ನ 'ಟೊಳ್ಳು' ಅಂತ ಬರೆದು ಕೊಟ್ಟ. ಇಂಜಿನಿಯರ್ ಸಹಿ ಹಾಕಿದ್ರು, ಕೆಲಸ ಉಳೀತು. "ಗೋಡೆ ಒಡೆದು ನೋಡೋಣ್ವಾ?" ಅಂದ್ರಂತೆ. ಇವನು, "ಬೇಡ ಸಾರ್, ಲೆಕ್ಕ ಕೂಡ್ತಲ್ಲ, ಬಿಟ್ಬಿಡಿ" ಅಂದನಂತೆ.

ಭ್ರಮೆ ಅಂತೀರಾ? ಅನ್ನಿ, ನನಗೇನು. ಅವತ್ತು ರಾತ್ರಿ ಆ ಟೇಪು ಒರೆಸಿದವಳು ನಾನು. ತುದಿಯಿಂದ ನಾಲ್ಕಡಿ ಉದ್ದಕ್ಕೂ ಸುಣ್ಣದ ಗಾರೆ ಮೆತ್ತಿತ್ತು. ಹಸಿ ಗಾರೆ. ನನ್ನ ಬೆರಳು ಎರಡು ದಿನ ಉರೀತು.