ಬಾವಿಯೊಳಗಿನ ಕೂಲರ್

ಆ ಬಾಗಿಲು ಒಂಚೂರು ಮುಂದಕ್ಕೆ ಹಾಕ್ರಿ... ಹ್ಞಾಂ, ಸಾಕು.

ಇದು ಕೊಂಡ್ಲಹಳ್ಳಿ ಮಾರುತಿಗೆ ಆಗಿದ್ದು. ಅವನ ಮನೆಗೂ ನಮ್ಮನೆಗೂ ಒಂದೇ ಗೋಡೆ. ಅವನ ಹೆಂಡ್ತಿ ನಿರ್ಮಲಾ ನಮ್ಮವ್ವನ ಹತ್ರ ಕೂತು ಹೇಳೋವಾಗ ನಾನು ಪಕ್ಕದಲ್ಲೇ ಇದ್ದೆ. ಎರಡು ಸಾವಿರದ ಐದನೇ ಇಸವಿ, ಬೇಸಿಗೆ.

ಅವತ್ತು ಮಾರುತಿ ಚಳ್ಳಕೆರೆಯಿಂದ ಕಡೇ ಬಸ್ಸಿಗೆ ಬಂದು ಕ್ರಾಸಿನಲ್ಲಿ ಇಳಿದ. ಅಲ್ಲಿಂದ ಊರಿಗೆ ನಡೀಬೇಕು. ಎರಡೂ ಕಡೆ ಜಾಲಿ, ಬೋಳು ಹೊಲ. ನಡುದಾರೀಲಿ ಒಂದು ಆಲದಮರ, ಅದರ ಬುಡಕ್ಕೆ ಅಂಟಿಕೊಂಡಂಗೆ ಹಳೇ ಮೆಟ್ಟಿಲು ಬಾವಿ. ಕಟ್ಟೆ ರಸ್ತೆ ಕಡೆಗೆ ಕುಸಿದುಬಿಟ್ಟಿತ್ತು. ಗಾಳಿ ಇಲ್ಲ. ಒಂದೆಲೆ ಅಲ್ಲಾಡ್ತಿಲ್ಲ. ಅವನ ಚಪ್ಪಲಿ ಸದ್ದು ಮಾತ್ರ... ಚರ್ಕ್... ಚರ್ಕ್...

ಮರದ ಹತ್ರ ಬಂದಾಗ ಇನ್ನೊಂದು ಸದ್ದು ಕೇಳ್ತು.

ಗುಯ್ಯ್ಯ್ಯ್...

ಜೀರುಂಡೆ ಅಲ್ಲ. ಪಂಪ್‌ಸೆಟ್ಟೂ ಅಲ್ಲ, ಕರೆಂಟ್ ಹೋಗಿ ಬಹಳ ಹೊತ್ತಾಗಿತ್ತು. ಸಣ್ಣ ಫ್ಯಾನಿನ ಸದ್ದು. ಕಂಪ್ಯೂಟರ್ ಹೊಟ್ಟೆಯೊಳಗೆ ತಿರುಗ್ತೈತಲ್ಲ, ಆ ಫ್ಯಾನು. ಹಗಲೆಲ್ಲ ಅದೇ ಸದ್ದಿನಲ್ಲಿ ಕೂರೋನಿಗೆ ಗುರುತು ಸಿಗದೆ ಇರ್ತದಾ? ಸದ್ದು ಬಾವಿಯೊಳಗಿಂದ ಬರ್ತಿತ್ತು.

ಮಾರುತಿ ನಿಂತಲ್ಲೇ ನಿಂತ. ಯಾಕಂದ್ರೆ ಆ ಬಾವಿಗೆ ಬಿದ್ದು ಸತ್ತೋನು ಓಬಳೇಶ... ಇವನ ಸೋದರಮಾವನ ಮಗ.

ಇರ್ರಿ, ಮೊದಲಿಂದ ಹೇಳ್ತೀನಿ.

ಇಬ್ರೂ ಸೇರಿ ಚಳ್ಳಕೆರೇಲಿ ಒಂದು ಗೇಮ್ ಸೆಂಟರ್ ಇಟ್ಟಿದ್ರು. ತಗಡಿನ ಶೀಟಿನ ಸಣ್ಣ ಅಂಗಡಿ, ಒಳಗೆ ಹಳೇ ಕಂಪ್ಯೂಟರ್‌ಗಳು. ಕಾಲೇಜು ಹುಡುಗ್ರು ಬಂದು ಕಾರ್ ರೇಸು, ಗುಂಡು ಹಾರಿಸೋ ಆಟ ಆಡೋರು. ಅಷ್ಟರಲ್ಲಿ ಬಸ್‌ಸ್ಟ್ಯಾಂಡ್ ಹತ್ರ ಹೊಸ ಸೆಂಟರ್ ಬಂತು. ಹೊಸ ಆಟಗಳು ಅಲ್ಲಿ ನೀರು ಹರಿದಂಗೆ ಓಡೋವು, ಇವರ ಮಿಷನ್ನಿನಲ್ಲಿ ತಡವರಿಸೋವು. ಹುಡುಗ್ರು ಆ ಕಡೆ ಹೋದ್ರು.

ಒಂದು ಮಿಷನ್ನಾದ್ರೂ ಗಟ್ಟಿ ಮಾಡೋಣ, ಹೊಸ ಪ್ರೊಸೆಸರ್ ಹಾಕೋಣ ಅಂತ ಇಬ್ರೂ ಒಪ್ಪಿದ್ರು. ಯಾವುದು ಅನ್ನೋದ್ರಲ್ಲೇ ಜಗಳ. ಗಿಗಾ ಹೆಚ್ಚಿದ್ದಷ್ಟೂ ಓಟ ಹೆಚ್ಚು, ಬಿಸಿಯೂ ಹೆಚ್ಚು.

"ಮೂರು ಗಿಗಾದ್ದು ತಗಳ್ಳಾನ. ಅದ್ರ ಮುಂದೆ ಬಸ್‌ಸ್ಟ್ಯಾಂಡಿನೋನು ಬಾಯಿ ಮುಚ್ಕಬೇಕು" ಅಂದ ಮಾರುತಿ.

"ಬಾವ, ಅದು ಬೆಂಕಿ ಕೆಂಡ. ನಮ್ಮ ತಗಡಿನಡಿ ಏಪ್ರಿಲ್ಲಿನಾಗೆ ಬೇಯ್ತೈತೆ. ಎರಡು ಪಾಯಿಂಟ್ ನಾಕು ಸಾಕು. ತಣ್ಣಗಿರ್ತೈತೆ, ಬಾಳಿಕೆ ಬರ್ತೈತೆ" ಅಂದ ಓಬಳೇಶ.

"ತಣ್ಣಗಿರೋದೇ ಬೇಕಂದ್ರೆ ಮಡಕೆ ಅಂಗಡಿ ಇಡು ಹೋಗ್ಲೇ."

ಓಬಳೇಶ ನಕ್ಕ. ಅವನು ಹಂಗೇ, ಬೈದ್ರೂ ನಗೋನು. ಮಾರುತಿ ನಗಲಿಲ್ಲ. ವಾರಗಟ್ಟಲೆ ಇದೇ ನಡೀತು. ಕೊನೆಗೆ ಓಬಳೇಶನೇ ಬೆಂಗಳೂರಿಗೆ ಹೊರಟ. ಹೊರಡೋವಾಗ ಮಾರುತಿ, "ಮೂರು ಗಿಗಾದ್ದು ತರದಿದ್ರೆ ಅಂಗಡಿ ಮೆಟ್ಲು ಹತ್ತಬ್ಯಾಡ" ಅಂತ ಹೇಳಿ ಕಳಿಸಿದ.

ಆವತ್ತು ರಾತ್ರಿ ಹಿರಿಯೂರು ಬಸ್‌ಸ್ಟ್ಯಾಂಡಿನ ಕಾಯಿನ್ ಫೋನಿನಿಂದ ಅಂಗಡಿಗೆ ಫೋನ್ ಬಂತು.

"ಬಾವ... ತಗಂಡೆ. ಎರಡು ಪಾಯಿಂಟ್ ನಾಕೇ ತಗಂಡೆ. ಜೊತೀಗೆ ಅದ್ರ ಬಿಸಿ ಇಳ್ಸೋಕೆ ಫ್ಯಾನಿರೋ ತಾಮ್ರದ ದೊಡ್ಡ ಕೂಲರ್ರು. ಎತ್ತಿದ್ರೆ ಕೈ ಬಿದ್ದೋಗ್ತೈತೆ, ಅಷ್ಟು ಭಾರ."

"ನಾನು ಹೇಳಿದ್ದೇನು, ನೀನು ತಂದಿದ್ದೇನು?"

"ಬಂದ್ಮೇಲೆ ನೋಡು. ಕಡೇ ಬಸ್ಸಿಗೆ ಬರ್ತೀನಿ. ಕ್ರಾಸಿಗೆ ಗಾಡಿ ತಾ ಬಾವ."

ದನಿಯಲ್ಲಿ ನಗು ಇತ್ತು. ಮಾರುತಿ "ಹ್ಞೂಂ" ಅಂದ. ಫೋನ್ ಕುಕ್ಕಿದ. ಅಂಗಡಿ ಮುಚ್ಚಿ ಬೈಕ್ ಹತ್ತಿದ. ಕ್ರಾಸಿನಲ್ಲಿ ಗಾಡಿ ನಿಲ್ಲಿಸಲಿಲ್ಲ, ಸೀದಾ ಮನೆಗೆ ಹೋದ. ಅಷ್ಟು ಭಾರ ಅಂದನಲ್ಲ... ಹೊತ್ಕೊಂಡು ನಡೀಲಿ, ಬುದ್ಧಿ ಬರ್ತೈತೆ ಅಂತ ಕಂಬಳಿ ಎಳಕೊಂಡು ಮಲಗಿದ.

ಬೆಳಿಗ್ಗೆ ಕುರಿ ಹೊಡಕೊಂಡು ಹೋದೋರು ನೋಡಿದ್ರು. ಓಬಳೇಶ ಬಾವೀಲಿ ತೇಲ್ತಿದ್ದ. ಬ್ಯಾಗು ಆಲದ ಬೇರಿನ ಮೇಲೆ, ಇಟ್ಟಂಗೇ ಇತ್ತು. ಕತ್ತಲಲ್ಲಿ ಕಾಲು ಜಾರಿರಬೇಕು ಅಂದ್ರು. ನೀರು ಕುಡಿಯೋಕೆ ಇಳಿದನೋ, ದಣಿವಾರಿಸ್ಕೊಳ್ಳೋಕೆ ಕಟ್ಟೆ ಮೇಲೆ ಕೂತನೋ... ಕಂಡೋರು ಯಾರು?

"ಯಾವ ಬಸ್ಸಿಗೆ ಬರ್ತಾನೆ ಅಂತ ನಂಗೆ ಗೊತ್ತೇ ಇರಲಿಲ್ಲ" ಅಂತ ಮಾರುತಿ ಎಲ್ಲರ ಮುಂದೆ ಅತ್ತ.

ತಿಥಿ ಮುಗಿಯೋಕೆ ಮುಂಚೆನೇ ಆ ಬ್ಯಾಗು ಬಿಚ್ಚಿದ. ಕೂಲರಿನ ಡಬ್ಬ ಇತ್ತು, ಖಾಲಿ. ಒಳಗಿನ ಕೂಲರ್ ಇಲ್ಲ. ದಾರೀಲಿ ಕೈಯಲ್ಲಿ ಹಿಡ್ಕೊಂಡು ನೋಡ್ತಾ ಬಂದಿದ್ನೇನೋ, ಅವನ ಜೊತೆಗೇ ನೀರಿಗೆ ಹೋಗಿತ್ತು. ಕೆಳಗೆ ಪ್ರೊಸೆಸರಿನ ಡಬ್ಬ.

ಮೇಲೆ ಬರೆದಿದ್ದನ್ನ ಮಾರುತಿ ಎರಡೆರಡು ಸಲ ಓದಿದ.

ಮೂರು ಗಿಗಾ.

ಫೋನಿನಲ್ಲಿ ಹುಡುಗಾಟಕ್ಕೆ ಅಂದಿದ್ದ ಅವನು. ಬಾವ ಕೇಳಿದ್ದನ್ನೇ ತಂದಿದ್ದ. ಬಾವನ ಆಸೆಯ ಪ್ರೊಸೆಸರ್ ಬೇಯದಿರಲಿ ಅಂತ ಅದಕ್ಕೆ ತಕ್ಕ ಕೂಲರ್ರೂ ತಂದಿದ್ದ.

ಓಬಳೇಶನ ತಾಯಿ ಬೊಮ್ಮಕ್ಕ ಒಳಗಿನಿಂದ ಕೇಳಿದ್ಲು, "ಏನೈತಪ್ಪಾ ಅದ್ರಾಗೆ?"

"ಏನಿಲ್ಲ ಅತ್ತೆ. ಅಂಗಡಿ ಸಾಮಾನು" ಅಂದ. ತಗಂಡು ಹೋದ.

ಪ್ರೊಸೆಸರ್ ಜೊತೆ ಬಂದ ಸಣ್ಣ ಫ್ಯಾನನ್ನೇ ಹಾಕಿ ಮಿಷನ್ ಜೋಡಿಸಿದ. ಹುಡುಗ್ರು ವಾಪಸ್ ಬಂದ್ರು. ಆದ್ರೆ ಮಧ್ಯಾಹ್ನ ತಗಡು ಕಾಯ್ತಿದ್ದಂಗೆ... ಬೀಪ್... ಬೀಪ್... ಟಪ್. ಆಟದ ನಡುವೆ ಆಫ್. ಮುಟ್ಟಿದ್ರೆ ಕೈ ಸುಡೋದು. ಓಬಳೇಶ ಹೇಳಿದ್ದೇ ನಿಜ ಆಯ್ತು. ಬೇರೆ ಕೂಲರ್ ತರೋಕೆ ಮಾರುತಿಗೆ ಮನಸ್ಸು ಬರಲಿಲ್ಲ. ಆ ಬೈಕಿನ ಮೇಲೂ ಅವನು ಮತ್ತೆ ಕೂರಲಿಲ್ಲ. ದಿನಾ ಕಡೇ ಬಸ್ಸು, ದಿನಾ ಆ ದಾರಿ.

ಹಂಗೆ ಬರ್ತಿರೋವಾಗಲೇ ಆವತ್ತು ಬಾವಿಯೊಳಗಿಂದ ಸದ್ದು ಬಂದಿದ್ದು.

ಗುಯ್ಯ್ಯ್ಯ್...

ಓಡಬೇಕು ಅಂತ ಅನ್ನಿಸ್ತು. ಕಾಲು ಮಾತ್ರ ಬಾವಿ ಕಡೆಗೇ ಎಳೆದವು. ಕುಸಿದ ಕಟ್ಟೆ ಹತ್ರ ಬಗ್ಗಿದ. ಕೆಳಗೆ ಕಪ್ಪು. ನೀರು ಮೆಟ್ಟಿಲಿಗೆ ಬಡಿಯೋ ಸದ್ದು... ತೊಪ್... ತೊಪ್... ಫ್ಯಾನಿನ ಸದ್ದು ನಿಧಾನವಾಯ್ತು. ನಿಂತೇಹೋಯ್ತು.

"ಬಂದ್ಯಾ ಬಾವ?"

ಪಿಸುಮಾತು. ಕಿವಿಯ ಪಕ್ಕದಲ್ಲೇ ಅಂದಂಗೆ.

ಮಾರುತಿ ಕಟ್ಟೆ ಕಲ್ಲು ಹಿಡ್ಕೊಂಡ. "...ಬಂದೆ."

"ಕೂಲರ್ ಇಲ್ಲೇ ಐತೆ. ಬಿಟ್ಟಿಲ್ಲ ನಾನು... ಗಟ್ಟಿಯಾಗಿ ಹಿಡ್ಕಂಡಿದೀನಿ."

ಮಾರುತಿ ಇನ್ನಷ್ಟು ಬಗ್ಗಿದ.

"ಭಾರ ಬಾವ... ಬಲು ಭಾರ."

ತೊಪ್... ತೊಪ್...

"ಗಾಡಿ ತಂದ್ಯಾ?"

ಆವಾಗ ಹೇಳಿಬಿಡಬಹುದಿತ್ತು. ಕೇಳೋಕೆ ಬೇರೆ ಯಾರಿದ್ರು ಅಲ್ಲಿ? ಸತ್ತೋನು ಒಬ್ಬ, ಇವನೊಬ್ಬ. ತಪ್ಪಾಯ್ತು ಕಣೋ, ಬೇಕಂತಲೇ ಬರಲಿಲ್ಲ ಅಂತ ಒಂದು ಮಾತು. ನಾಲಿಗೆ ತುದಿಗೂ ಬಂದಿತ್ತಂತೆ. ಬಾಯಿ ಬಿಟ್ರೆ ಬಂದಿದ್ದೇ ಬೇರೆ.

"ಪಂಚರ್ ಆಗಿತ್ತು ಕಣ್ಲೇ... ಗಾಡಿ ಪಂಚರ್ ಆಗಿತ್ತು. ಅದಕ್ಕೇ ಬರೋಕಾಗಲಿಲ್ಲ."

ಕೆಳಗೆ ನೀರು ಎರಡು ಸಲ ಮೆಟ್ಟಿಲಿಗೆ ಬಡೀತು.

ಆಮೇಲೆ... "ಹಂಗಾ?"

ಅಷ್ಟೇ. ಯಾರೋ ಎದೆ ಮೇಲಿನ ಭಾರ ಇಳಿಸಿದಂಗೆ ಒಂದು ಉಸಿರು... ಹಾ... ನೀರಿನ ಸದ್ದೂ ನಿಂತಿತು. ಮಾರುತಿ ಚಪ್ಪಲಿ ಅಲ್ಲೇ ಬಿಟ್ಟು ಓಡಿದ.

ಬೆಳಕು ಹರಿಯೋವರೆಗೂ ಕಣ್ಣು ಮುಚ್ಚಲಿಲ್ಲ. ಇನ್ನು ತಡಕೊಳ್ಳೋಕಾಗಲ್ಲ, ಅತ್ತೆ ಕಾಲಿಗೆ ಬಿದ್ದು ಇದ್ದದ್ದು ಇದ್ದಂಗೆ ಹೇಳಿಬಿಡ್ತೀನಿ ಅಂತ ಎದ್ದು ಅವರ ಮನೆಗೆ ಹೋದ.

ಬೊಮ್ಮಕ್ಕ ಅಂಗಳ ಗುಡಿಸ್ತಿದ್ಲು. ಮಗ ಸತ್ತ ಮೇಲೆ ಮೊದಲ ಸಲ ತಲೆ ಬಾಚ್ಕಂಡಿದ್ಲು. ಇವನನ್ನ ಕಂಡು ಪೊರಕೆ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಹತ್ರ ಬಂದ್ಲು.

"ಅತ್ತೆ, ನಾನೊಂದು..."

"ಪಂಚರ್ ಆಗಿತ್ತಂತಲ್ಲಪ್ಪಾ ನಿನ್ ಗಾಡಿ?"

ಮಾರುತಿ ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಆ ಮಾತನ್ನ ಅವನು ಭೂಮಿ ಮೇಲೆ ಯಾರ ಹತ್ರಾನೂ ಆಡಿರಲಿಲ್ಲ.

"ಯಾ... ಯಾರು ಹೇಳಿದ್ದು?"

"ಓಬಳೇಶ ಬಂದಿದ್ನಪ್ಪ ರಾತ್ರಿ. ಬಾಗ್ಲಾಗೇ ನಿಂತಿದ್ದ, ಒಳಾಕೆ ಬರಲಿಲ್ಲ. 'ಬಾವ ಯಾಕೆ ಬರಲಿಲ್ಲ ಅಂತ ಮನಸ್ಸಿನಾಗೆ ಇತ್ತವ್ವ. ಪಂಚರ್ ಆಗಿತ್ತಂತೆ. ಅವಂದೇನೂ ತಪ್ಪಿಲ್ಲ' ಅಂದ." ಬೊಮ್ಮಕ್ಕ ಮಾರುತಿ ಗಲ್ಲ ಸವರಿದ್ಲು. "ಮೊದ್ಲೇ ಹೇಳಬಾರದಿತ್ತೇನಪ್ಪಾ? ನಾನು ಹಾಳಾದೋಳು, ಇಷ್ಟು ದಿನ ನಿನ್ನ ಮ್ಯಾಲೆ ಅನುಮಾನ ಇಟ್ಕಂಡಿದ್ದೆ."



ತಟ್ಟೇಲಿ ಮುದ್ದೆ ಹಾಕಿ ತಂದು ಇಟ್ಟಳು. ಪಕ್ಕದಲ್ಲೇ ಕೂತು, ಉಣ್ಣು ಅಂದ್ಲು. ಒಂದೊಂದು ತುತ್ತೂ ನುಂಗಿದ. ಹೇಳಬೇಕಂತ ಹೋದ ಮಾತನ್ನೂ ಅದರ ಜೊತೆಗೇ ನುಂಗಿದ. ಆಕೆ ಬದುಕಿರೋವರೆಗೂ ಹಂಗೇ, ಹಬ್ಬ ಬಂದ್ರೆ ಮೊದಲು ಮಾರುತಿಗೆ ಕರೆ. ನಮ್ಮ ಓಬಳೇಶನ ಜಾಗದಾಗೆ ಇವನೇ ಅಂತ ಊರಿಗೆಲ್ಲ ಹೇಳೋಳು. ಪ್ರತಿ ಸಲ ಉಂಡು ಬಂದು ಹಿತ್ತಲಲ್ಲಿ ವಾಂತಿ ಮಾಡ್ಕೊಳ್ಳೋನು ಅಂತ ನಿರ್ಮಲಾ ಹೇಳಿದ್ಲು.

ಬಾವಿಯಿಂದ ಸದ್ದು ಮತ್ತೆ ಬರಲಿಲ್ಲ. ಎಷ್ಟೋ ರಾತ್ರಿ ಇವನೇ ಹೋಗಿ ಕಟ್ಟೆ ಹತ್ರ ನಿಂತು, "ಲೇ ಓಬಳೇಶ... ಪಂಚರ್ ಆಗಿರಲಿಲ್ಲ ಕಣ್ಲೇ..." ಅಂತ ಕೂಗಿದಾನಂತೆ.

ಅಂಗಡಿ ಮುಚ್ಚಿದ. ಮೂರು ಗಿಗಾದ ಆ ಮಿಷನ್ನು ಮೊಳಕಾಲ್ಮುರಿನ ರಾಜಣ್ಣನ ಕೈಗೆ ಹೋಯ್ತು. ರೇಷ್ಮೆ ಸೀರೆ ಅಂಚಿಗೆ ಕಂಪ್ಯೂಟರಿನಲ್ಲಿ ಡಿಸೈನ್ ಬರೆಯೋರು ಅವರು. ಅವರಿಗೆ ಈ ಕತೆ ಒಂದಕ್ಷರ ಗೊತ್ತಿಲ್ಲ, ನಾನೂ ಹೇಳಿಲ್ಲ. ನಮ್ಮಕ್ಕನ ಮದುವೆ ಸೀರೆಗೆ ಅಂತ ಹೋದಾಗ ನೋಡಿದೆ. ಮೇ ತಿಂಗಳು, ಮಟಮಟ ಮಧ್ಯಾಹ್ನ. ಕಂಪ್ಯೂಟರ್ ಡಬ್ಬದ ಪಕ್ಕೆ ಬಿಚ್ಚಿಟ್ಟಿದ್ರು.

"ಫ್ಯಾನ್ ತಿರುಗ್ತಾನೇ ಇಲ್ವಲ್ರಿ ರಾಜಣ್ಣ?" ಅಂದೆ.

"ತಂದ ದಿನದಿಂದ್ಲೂ ತಿರುಗಿಲ್ಲ ಕಣಪ್ಪ. ಬೆಳಿಗ್ಗೆ ಹಾಕಿದ್ರೆ ರಾತ್ರಿ ತನಕ ಓಡ್ತೈತೆ, ಒಂದಿನಾನೂ ನಿಂತಿಲ್ಲ. ರಿಪೇರಿಯೋನು ಬಂದು ನೋಡಿ ತಲೆ ಕೆರ್ಕಂಡು ಹೋದ."

ಪ್ರೊಸೆಸರ್ ಮೇಲೆ, ಫ್ಯಾನಿನ ಕೆಳಗೆ ಬಿಸಿ ಎಳಕೊಳ್ಳೋ ಆ ಸಣ್ಣ ಲೋಹದ ಹಲ್ಲುಗಳ ಮೇಲೆ ಮೆಲ್ಲಗೆ ಬೆರಳಿಟ್ಟೆ. ಸುಡಬೇಕಿತ್ತು.

ತಣ್ಣಗಿತ್ತು. ಬೆರಳು ತೆಗೆದು ನೋಡಿದ್ರೆ ತುದೀಲಿ ಬಾವಿ ಪಾಚಿ... ಹಸಿರು, ಹಸಿ.

ನಗಬ್ಯಾಡ್ರಿ. ಬೆರಳಿಟ್ಟೋನು ನಾನೇ.