ಪಟ್ಟಿಯಲ್ಲಿ ಇಲ್ಲದವರು

ವಾಡಿ ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಸಿಮೆಂಟ್ ಕಾರ್ಖಾನೆಯ ಕಂಪ್ಯೂಟರ್ ವಿಭಾಗದ ಇಬ್ಬರು ಕೂತಿದ್ದರು. ಕೊರಳ ಕಾರ್ಡುಗಳಲ್ಲಿ ಹೆಸರುಗಳಿದ್ದವು: ಹಿರಿಯರು ಮಡಿವಾಳಯ್ಯ, ಕಿರಿಯವಳು ಶಿವಗಂಗಾ.

“ಹೊಸ ಸರ್ವರ್ ಚಾಲೂ ಆಗಿ ವಾರ ಆತು. ಹಳೇದು ಯಾಕ ಬಂದ್ ಮಾಡಿಲ್ಲವ್ವ?”

“ನಿನ್ನಿತನಾ ಯಾರೋ ಅದಕ್ಕನ ಮಾಹಿತಿ ಕೇಳಾಕತ್ತಿದ್ರು ಸರ್.”

“ಗೇಟು, ತೂಕದ ಕಾಟಾ, ಗೋದಾಮು, ಎಲ್ಲಾ ಹೊಸದಕ್ಕ ಬಂದಾವ. ಪಟ್ಟಿ ನಾನೇ ಮಾಡೀನಿ.”

“ನಮ್ಮ ಕಾರ್ಖಾನಿ ದವಾಖಾನಿ ನಿಮ್ಮ ಪಟ್ಟಿನಾಗ ಇದ್ದಿಲ್ರಿ. ಪೇಶಂಟ್ ಕಾರ್ಡ್ ತೋರಿಸಿದ್ರ ಹೆಸರು ಹಳೇದರಾಗಿಂದನ ಬರ್ತಿತ್ತು.”

ಮಡಿವಾಳಯ್ಯ ಅವಳ ಕಡೆ ತಿರುಗಿದರು.

“ಮೊನ್ನಿ ನಾ ಹೇಳಿದಾಗನ ಬಂದ್ ಮಾಡಿದ್ದರ ಪೇಶಂಟ್ ಹೆಸರೇ ಬರ್ತಿದ್ದಿಲ್ಲಲ್ಲ?”

“ಮಾಡಿಲ್ಲಲ್ರಿ. ಇವತ್ತು ದವಾಖಾನಿನೂ ಹೊಸದಕ್ಕ ಬಂತು. ಈಗ ಬಂದ್ ಮಾಡಲೇನ್ರಿ?”

ರೈಲು ಬಂತು. ಮಡಿವಾಳಯ್ಯ ಎದ್ದು ಅವಳ ಚೀಲವನ್ನೂ ಎತ್ತಿಕೊಂಡರು.

“ಇನ್ನೊಂದು ವಾರ ಇರಲಿ ಬಿಡವ್ವ.”